ಅಪ್‌ಡೇಟ್: ಗಣಿತ, ಸಂಖ್ಯಾಶಾಸ್ತ್ರಕ್ಕೆ ಬಿ.ಎ.ನಾ, ಬಿ.ಎಸ್ಸಿ.ನಾ? ಸೀಟು ತಗೊಂಡೆ

ಪಿಯುಸಿ ಆದ ಮೇಲೆ ಗಣಿತ, ಸಂಖ್ಯಾಶಾಸ್ತ್ರವನ್ನು ಬಿ.ಎ.ಯಲ್ಲಿ ಓದಲಾ, ಬಿ.ಎಸ್ಸಿ.ಯಲ್ಲಿ ಓದಲಾ ಎಂದು ಕೇಳಿದ್ದೆ. ಬಿ.ಎ. ಅಂದ್ರೆ ಗಣಿತ ಕಡಿಮೆ ಅನ್ನೋದು ಮನೆಯವರ ಭಯ.

ಸಿಲಬಸ್ ನೋಡು ಎಂದ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕ್ಯಾಲ್ಕುಲಸ್, ಬೀಜಗಣಿತ, ಸಂಭವನೀಯತೆ ಎರಡರಲ್ಲೂ ಇವೆ. ಬಿ.ಎ.ಯಲ್ಲಿ ಜೊತೆಗೆ ಅರ್ಥಶಾಸ್ತ್ರ, ಬಿ.ಎಸ್ಸಿ.ಯಲ್ಲಿ ಕಂಪ್ಯೂಟರ್ ಸೈನ್ಸ್. ಸಂಖ್ಯಾಶಾಸ್ತ್ರದ ಪ್ರಾಕ್ಟಿಕಲ್ ಎರಡಕ್ಕೂ ಇದೆ.

ಕೇಂಬ್ರಿಡ್ಜ್‌ನಲ್ಲಿ ಇವತ್ತಿಗೂ ಗಣಿತ ಓದಿದವರಿಗೆ ಕೊಡೋದು ಬಿ.ಎ. ಪದವಿಯೇ. 1916ರಲ್ಲಿ ರಾಮಾನುಜನ್ ಅವರಿಗೆ ಅಲ್ಲಿ ಸಿಕ್ಕಿದ್ದೂ ಬಿ.ಎ. ಇದನ್ನು ಹೇಳಿದ ಮೇಲೆ ಅಪ್ಪ ಮೆತ್ತಗಾದರು!

ನನ್ನ ಆಸೆ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್, ಅಂದ್ರೆ ಕೇಂದ್ರ ಸರ್ಕಾರದ ಅಂಕಿಅಂಶ ಅಧಿಕಾರಿ ಕೆಲಸ. ಅದಕ್ಕೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಬರೀ ಗಣಿತ ಸಾಲದು. ಬಿ.ಎ. ಆದರೂ ನಡೆಯುತ್ತೆ.

ಹಾಗಾಗಿ ಬಿ.ಎ.ಗೇ ಸೇರಿದೆ. ಬೆಲೆ, ಕೂಲಿ, ಉದ್ಯೋಗದ ಲೆಕ್ಕ ಹೇಗೆ ಹಾಕ್ತಾರೆ ಅನ್ನೋದೇ ನನಗೆ ಜಾಸ್ತಿ ಇಷ್ಟ. ಎಂ.ಎಸ್ಸಿ.ಗೆ ಕೆಲವು ಕಡೆ ಬಿ.ಎಸ್ಸಿ.ಯೇ ಬೇಕು ಅಂತಾರೆ, ಅದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ನಾನು ಮುಂದೆ ಸೇರಬೇಕೆಂದಿರುವ ಕಡೆಯ ನಿಯಮ ಓದಿಕೊಂಡೇ ಫೀಸು ಕಟ್ಟಿದ್ದು.