ಹಳೇ ಪಿಕಪ್: ಬ್ರೇಕ್ ಪೆಡಲ್ ನಿಧಾನಕ್ಕೆ ಇಳಿಯುತ್ತೆ

ಕೋಲಾರ ಎಪಿಎಂಸಿಗೆ ಟೊಮೆಟೊ ಸಾಗಿಸುವ ಗಾಡಿ. ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗಿಳಿಯುತ್ತದೆ, ಪಂಪ್ ಮಾಡಿದರೆ ಮತ್ತೆ ಗಟ್ಟಿಯಾಗುತ್ತದೆ. ಬ್ರೇಕ್ ಆಯಿಲ್ ಕಮ್ಮಿಯಾಗಿಲ್ಲ. ಪ್ಯಾಡ್ ಬದಲಾಯಿಸಬೇಕಾ?

ಉತ್ತರ 1: ಪ್ಯಾಡ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಆಯಿಲ್ ಇಳಿಯದೆ ಪೆಡಲ್ ಮಾತ್ರ ಇಳಿಯುತ್ತಿದೆ ಅಂದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಒಳಗಿನ ರಬ್ಬರ್ ಸೀಲ್ ಮೇಲೇ ನನಗೆ ಅನುಮಾನ ಜಾಸ್ತಿ, ಅದು ಸವೆದರೆ ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರುತ್ತದೆ, ಹೊರಗೆ ಒಂದು ಹನಿಯೂ ಕಾಣಲ್ಲ.

ಉತ್ತರ 2: ಹೌದು, ನನಗೂ ಮಾಸ್ಟರ್ ಸಿಲಿಂಡರ್ ಮೇಲೇ ಅನುಮಾನ. ಆದರೂ ಹಿಂದಿನ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರ್‌ನ (ಚಕ್ರದ ಹತ್ತಿರ ಬ್ರೇಕ್ ಒತ್ತುವ ಭಾಗ) ರಬ್ಬರ್ ಮುಚ್ಚಳ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಅಲ್ಲೂ ಲೀಕ್. ಆಯಿಲ್ ಹಳೆಯದಾದರೆ ಪೂರ್ತಿ ಬದಲಿಸಿ. ಹೊಸ ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಕುದಿಯೋದು 205 ಡಿಗ್ರಿ ದಾಟಿದ ಮೇಲೆ, ನೀರು ಹೀರಿಕೊಂಡರೆ 140ರ ಆಸುಪಾಸಿಗೇ ಬರುತ್ತದೆ. ಇಳಿಜಾರಲ್ಲಿ ಲೋಡ್ ಇದ್ದಾಗ ಆಯಿಲ್ ಕುದಿದು ಬ್ರೇಕ್ ಹಿಡಿಯದಿದ್ದರೆ ಅಪಾಯ ಅಲ್ವಾ?

ಉತ್ತರ 1: ರಿಪೇರಿ ಆಗೋವರೆಗೂ ಗಾಡಿ ರಸ್ತೆಗೆ ಇಳಿಸಲೇಬೇಡಿ, ದಯವಿಟ್ಟು.