ಅಪ್‌ಡೇಟ್: ಗಡಿಯಾರದ ಐದೂವರೆ ಗಂಟೆಯ ವ್ಯತ್ಯಾಸ ಸರಿಹೋಯಿತು

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಂಡ ಮೇಲೆ, ಉಬುಂಟುವಿನಿಂದ ವಿಂಡೋಸ್‌ಗೆ ಮರಳಿದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಲ್ಯಾಪ್‌ಟಾಪ್ ಒಳಗಿನ ಗಡಿಯಾರದ ಸೆಲ್ ಹೋಗಿರಬೇಕೆಂದು ಅದನ್ನು ಬದಲಿಸಲು ಹೊರಟಿದ್ದವನನ್ನು ತಡೆದವರಿಗೆ ನಾನು ನಿಜಕ್ಕೂ ಋಣಿ.

ಉಬುಂಟು ಮದರ್‌ಬೋರ್ಡಿನ (ಲ್ಯಾಪ್‌ಟಾಪ್‌ನ ಮುಖ್ಯ ಸರ್ಕ್ಯೂಟ್ ಹಲಗೆಯ) ಗಡಿಯಾರದಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದಿಕೊಳ್ಳುತ್ತದೆ. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ವ್ಯತ್ಯಾಸ ಕರಾರುವಾಕ್ಕಾಗಿ ಅಷ್ಟೇ ಇತ್ತು. ಉಬುಂಟುವಿನ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆದೇಶ ಕೊಟ್ಟು, ಅದೂ ಸ್ಥಳೀಯ ಸಮಯವನ್ನೇ ಇಡುವಂತೆ ಮಾಡಿದೆ. ನಿನ್ನೆ ರಾತ್ರಿ ವಿಂಡೋಸ್ ತೆರೆದಾಗ ಪರದೆಯ ಬಲಮೂಲೆಯಲ್ಲಿ 3.42ರ ಬದಲು 9.12 ಎಂದಿತ್ತು, ಗೋಡೆಯ ಗಡಿಯಾರದಲ್ಲೂ ಅಷ್ಟೇ.

ಜೊತೆಗೆ ಇನ್ನೊಂದು ತೊಂದರೆಯೂ ಸರಿಹೋಯಿತು: ವಿಂಡೋಸ್ ಬೇಗ ಶುರುವಾಗಲೆಂದು ಅದನ್ನು ಪೂರ್ತಿ ಮುಚ್ಚದೆ ಇಡುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಆಫ್ ಮಾಡಿದ ಮೇಲೆ, ಉಬುಂಟುವಿನಲ್ಲಿ ಬರೀ ಓದಲಷ್ಟೇ ಸಿಗುತ್ತಿದ್ದ ಡಿ ಡ್ರೈವ್‌ನಲ್ಲಿ ಈಗ ಕಡತಗಳನ್ನು ಉಳಿಸಲೂ ಆಗುತ್ತಿದೆ.