ಅರ್ಧ ಸ್ವರ ಇಳಿಸಿದ ಗಿಟಾರಲ್ಲಿ ಆಲ್ಟರ್ಡ್ ಸ್ಕೇಲ್: ಕೈ ಎಲ್ಲಿಡಬೇಕು?

ಆರನೇತಂತಿ (ಮೈಸೂರು):
ಹಾಡುವವರ ಶ್ರುತಿಗೋಸ್ಕರ ಆರೂ ತಂತಿ ಅರ್ಧ ಸ್ವರ ಇಳಿಸಿದೀನಿ, ಅಂದ್ರೆ ಇ ಫ್ಲಾಟ್ ಟ್ಯೂನಿಂಗ್. ಕೀಬೋರ್ಡಿನವರು ಜಿ ಸೆವೆನ್ ಕಾರ್ಡಿನಿಂದ ಸಿ ಮೈನರ್‌ಗೆ ಬರ್ತಾರೆ. ಆ ಜಿ ಸೆವೆನ್ ಮೇಲೆ ಆಲ್ಟರ್ಡ್ (ಐದನೇ, ಒಂಬತ್ತನೇ ಸ್ವರಗಳನ್ನ ಅರ್ಧ ಏರಿಸಿ, ಇಳಿಸಿದ ಸ್ಕೇಲ್) ನುಡಿಸೋಕೆ ಶೇಪ್, ಅಂದ್ರೆ ಬೆರಳಿಡೋ ಜಾಗ, ಯಾವುದು? ಓಪನ್ ತಂತಿ ನಡೆಯುತ್ತಾ? 10-46 ಸೆಟ್ (ತಂತಿ ದಪ್ಪ 0.010ರಿಂದ 0.046 ಇಂಚು) ಹಾಕಿದೀನಿ, ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಗಿರ್ ಅನ್ನುತ್ತೆ.

ಫ್ರೆಟ್‌ಬೋರ್ಡ್:
ಜಿ ಆಲ್ಟರ್ಡ್ ಅಂದ್ರೆ ಎ ಫ್ಲಾಟ್ ಮೆಲೋಡಿಕ್ ಮೈನರನ್ನೇ ಜಿಯಿಂದ ಶುರು ಮಾಡೋದು. ನಿಮ್ಮ ಗಿಟಾರ್ ಅರ್ಧ ಸ್ವರ ಕೆಳಗಿರೋದ್ರಿಂದ ಕೈಗೆ ಅದು ಎ ಮೆಲೋಡಿಕ್ ಮೈನರ್ ಶೇಪ್. ಫ್ರೆಟ್‌ಗಳು: 6ನೇ ತಂತಿ 4-5-7-8, 5ನೇದು 5-7, 4ನೇದು 4-6-7, 3ನೇದು 4-5-7, 2ನೇದು 5-7, 1ನೇದು 4-5-7-8.

ಓಪನ್ ತಂತಿಗಳಲ್ಲಿ ಐದು ಸ್ಕೇಲಿನೊಳಗೇ ಬರುತ್ವೆ, ಇದು ಈ ಟ್ಯೂನಿಂಗಿನ ಲಾಭ. 3ನೇ ತಂತಿ ಮಾತ್ರ ಜಿ ಫ್ಲಾಟ್, ಅದನ್ನ ಮುಟ್ಟಬೇಡಿ. ಅದರ 1ನೇ ಫ್ರೆಟ್ ಒತ್ತಿದ್ರೆ ಜಿ.

ಕಾರ್ಡ್ ಬೇಕಾದ್ರೆ 6ನೇ ಮತ್ತು 4ನೇ ತಂತಿಯಲ್ಲಿ 4ನೇ ಫ್ರೆಟ್, ಮೇಲಿನ ಮೂರಕ್ಕೂ 5ನೇ ಫ್ರೆಟ್ ಬ್ಯಾರೆ (ಒಂದೇ ಬೆರಳು ಅಡ್ಡ ಒತ್ತಿ), 5ನೇ ತಂತಿ ಮ್ಯೂಟ್. ಅಲ್ಲಿಂದ ಸಿ ಮೈನರ್‌ಗೆ 3ನೇ ತಂತಿ 5ರಿಂದ 6ಕ್ಕೆ, 1ನೇದು 5ರಿಂದ 4ಕ್ಕೆ, 2ನೇದು ಇದ್ದಲ್ಲೇ. ಸ್ಕೇಲ್ ಓಡಿಸೋದಕ್ಕಿಂತ ಈ ಎರಡು ನಡೆ ಕಿವಿಗೆ ಕೂತ್ರೆ ಸೋಲೋ ತಾನಾಗೇ ಬರುತ್ತೆ.

ನಿಷಾದ:
ಕರ್ನಾಟಕ ಸಂಗೀತ ಕಲಿತವರಿಗೆ ಸುಲಭದ ದಾರಿ: 23ನೇ ಮೇಳ ಗೌರಿಮನೋಹರಿಯನ್ನ (ಮೆಲೋಡಿಕ್ ಮೈನರಿನದೇ ಸ್ವರಗಳು) ನಿಷಾದದಿಂದ ಗ್ರಹಭೇದ ಮಾಡಿ, ಅಂದ್ರೆ ನಿಷಾದವನ್ನೇ ಸ ಅಂದ್ಕೊಳ್ಳಿ. ಶುದ್ಧ ರಿಷಭ, ಸಾಧಾರಣ ಮತ್ತು ಅಂತರ ಗಾಂಧಾರ ಎರಡೂ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಪಂಚಮವೇ ಇಲ್ಲ, ಹಾಗಾಗಿ ಮೇಳಕರ್ತ ಆಗಲ್ಲ. ಅಭ್ಯಾಸ ಮಾಡುವಾಗ ತಂಬೂರಿಯನ್ನ ಸ-ಪಕ್ಕೆ ಇಡಬೇಡಿ, ಬರೀ ಸ ಸಾಕು.

ಸೆಟಪ್_ಮಾತು:
ಅರ್ಧ ಸ್ವರ ಇಳಿಸಿದ್ರೆ ಎಳೆತ ಸುಮಾರು 11% ಕಮ್ಮಿ ಆಗುತ್ತೆ. ನೆಕ್ ಹಿಂದಕ್ಕೆ ಬಾಗುತ್ತೆ, ಅದಕ್ಕೇ ಆ ಗಿರ್. ಟ್ರಸ್ ರಾಡನ್ನ (ನೆಕ್ ಒಳಗಿನ ಲೋಹದ ಸರಳು) ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ಸಡಿಲಿಸಿ, ಮತ್ತೆ ಟ್ಯೂನ್ ಮಾಡಿ ನೋಡಿ. 11ರ ಸೆಟ್ (ತುಸು ದಪ್ಪ ತಂತಿ) ಹಾಕಿದ್ರೆ ಎಳೆತ ಇಳಿಸೋಕೆ ಮುಂಚೆ ಇದ್ದದ್ದಕ್ಕಿಂತ ತುಸು ಜಾಸ್ತಿಯೇ. ಒಂದು ಪೂರ್ತಿ ಸ್ವರ ಇಳಿಸೋರಿಗೆ ಅದು ಸರಿಯಾಗಿ ಕೂರುತ್ತೆ. ತಂತಿ ಬದಲಿಸಿದ ಮೇಲೆ ಇಂಟೊನೇಷನ್ (ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿ ಇದೆಯಾ ಅಂತ) ನೋಡದೆ ಬಿಡಬೇಡಿ.

ಆರನೇತಂತಿ:
ಕೀಬೋರ್ಡಿನವರು ಪೂರ್ತಿ ಜಿ ನೈನ್ ಹಿಡಿದ್ರೆ?

ಫ್ರೆಟ್‌ಬೋರ್ಡ್:
ಕೆಟ್ಟು ಹೋಗುತ್ತೆ. ಅದರಲ್ಲಿ ಡಿ, ಎ ಎರಡೂ ಇದಾವೆ, ನಿಮ್ಮ ಡಿ ಫ್ಲಾಟ್, ಎ ಫ್ಲಾಟ್ ಜೊತೆ ಕಚ್ಚಾಡ್ತವೆ. ಆ ಬಾರ್‌ನಲ್ಲಿ ಬಿ, ಎಫ್ ಎರಡೇ ಹಿಡಿಯೋಕೆ ಹೇಳಿ.